ಪುಟ ತುಂಬಿಸಬೇಡಿ, ಅಕ್ಷರ ತಿದ್ದಿ

(ಕರ್ಸಿವ್, ಅಂದರೆ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಬರೆಯುವ ಕೈಬರಹದ ಅಭ್ಯಾಸ ಕುರಿತ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕಾಪಿ ಬರೆದ ಒಂದು ಪುಟವನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೇಲೆ ಅಚ್ಚಿನ ಮಾದರಿ ಸಾಲು, ಅದರ ಕೆಳಗೆ ಹತ್ತು ಹನ್ನೆರಡು ಖಾಲಿ ಸಾಲು. ಬರೆದವರು ಮಕ್ಕಳಾಗಲಿ ದೊಡ್ಡವರಾಗಲಿ, ಆ ಪುಟದಲ್ಲಿ ಒಂದು ಸಂಗತಿ ಹೆಚ್ಚುಕಡಿಮೆ ತಪ್ಪದೆ ಕಾಣುತ್ತದೆ. ಮೊದಲ ಸಾಲು ಚೆನ್ನಾಗಿರುತ್ತದೆ, ಕೊನೆಯ ಸಾಲು ಕೆಟ್ಟಿರುತ್ತದೆ. ಬರೆದಷ್ಟೂ ಸುಧಾರಿಸಬೇಕಾದ ಅಕ್ಷರ ಬರೆದಷ್ಟೂ ಕೆಡುವುದೇಕೆ? ಕೈ ಸೋಲುತ್ತದೆ ಎಂಬುದು ಅರ್ಧ ಕಾರಣ. ಇನ್ನರ್ಧ ಕಣ್ಣಿನಲ್ಲಿದೆ. ಮೊದಲ ಸಾಲು ಬರೆಯುವಾಗ ಕಣ್ಣು ಅಚ್ಚಿನ ಮಾದರಿಯನ್ನು ನೋಡುತ್ತಿರುತ್ತದೆ. ಎರಡನೆಯ ಸಾಲಿಗೆ ಬಂದಾಗ ಅದಕ್ಕೆ ಹತ್ತಿರ ಕಾಣುವುದು ನಾವೇ ಬರೆದ ಮೊದಲ ಸಾಲು. ಆರನೆಯ ಸಾಲಿನ ಹೊತ್ತಿಗೆ ನಾವು ಐದನೆಯ ಸಾಲಿನ ತಪ್ಪುಗಳನ್ನು ನಕಲು ಮಾಡುತ್ತಿರುತ್ತೇವೆ. ದಿನಕ್ಕೆ ಎರಡು ಪುಟ ಹೀಗೆ ತುಂಬಿಸಿದರೆ ಕೈಗೆ ರೂಢಿಯಾಗುವುದು ಹನ್ನೆರಡನೆಯ ಸಾಲಿನ ಅಕ್ಷರವೇ.

ನಮ್ಮಲ್ಲಿ ‘ಅಕ್ಷರ ತಿದ್ದುವುದು’ ಎಂಬ ಮಾತಿದೆ. ಸ್ಲೇಟಿನ ಮೇಲೆ ಬರೆದುಕೊಟ್ಟ ಅಕ್ಷರದ ಮೇಲೆಯೇ ಮತ್ತೆ ಬಳಪ ಆಡಿಸುವುದಕ್ಕೂ ತಿದ್ದುವುದು ಎನ್ನುತ್ತೇವೆ, ತಪ್ಪನ್ನು ಸರಿಪಡಿಸುವುದಕ್ಕೂ ಅದೇ ಪದ. ಕೈಬರಹದ ಅಭ್ಯಾಸದಲ್ಲಿ ಮೊದಲ ಅರ್ಥ ಮಾತ್ರ ಉಳಿದು ಎರಡನೆಯದು ಬಿಟ್ಟುಹೋದಾಗಲೇ ಪುಟಗಳು ವ್ಯರ್ಥವಾಗುವುದು. ಇವತ್ತಿನ ಮಾತೆಲ್ಲ ಆ ಎರಡನೆಯ ಅರ್ಥದ ಬಗ್ಗೆ.

ಮೊದಲಿಗೆ ಆ ಕೆಡುವ ಪುಟಕ್ಕೇ ಒಂದು ಉಪಾಯ. ಮಾದರಿ ಸಾಲನ್ನು ಎರಡು ಬೆರಳಗಲದ ಕಾಗದದ ಪಟ್ಟಿಗೆ ಅಂಟಿಸಿಕೊಳ್ಳಿ. ಒಂದು ಸಾಲು ಬರೆದಾದ ಕೂಡಲೇ ಪಟ್ಟಿಯನ್ನು ಕೆಳಕ್ಕೆ ಸರಿಸಿ ಆ ಸಾಲನ್ನು ಮುಚ್ಚಿಬಿಡಿ. ಈಗ ಮುಂದಿನ ಸಾಲಿನ ತಲೆಯ ಮೇಲೆ ಇರುವುದು ಮತ್ತೆ ಮಾದರಿಯೇ. ಮೂರು ಸಾಲಾದ ಮೇಲೆ ಪಟ್ಟಿ ತೆಗೆದು ಮೂರನ್ನೂ ಒಟ್ಟಿಗೆ ನೋಡಿ, ಅತ್ಯುತ್ತಮವಾದ ಒಂದೇ ಅಕ್ಷರಕ್ಕೆ ಸುತ್ತು ಹಾಕಿ. ಅದು ಏಕೆ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಲು ಬಂದರೆ ಮುಂದಿನ ಸಾಲು ಬರೆಯಿರಿ. ಹೇಳಲು ಬರದಿದ್ದರೆ ಇನ್ನೂ ಸ್ವಲ್ಪ ಹೊತ್ತು ಮಾದರಿಯನ್ನೇ ನೋಡಿ.

ಕೂಡುಬರಹದಲ್ಲಿ ಓದುವವರ ಕಣ್ಣು ಹಿಡಿಯುವುದೇನನ್ನು? ಗೆರೆಗಳಲ್ಲಿ ಎರಡು ಬಗೆ: ಮೇಲಿನಿಂದ ಕೆಳಕ್ಕೆ ಬರುವ ಇಳಿಗೆರೆ, ಕೆಳಗಿನಿಂದ ಮುಂದಿನ ಅಕ್ಷರಕ್ಕೆ ಹತ್ತುವ ಕೊಂಡಿಗೆರೆ. ಅಕ್ಷರದ ಬೆನ್ನೆಲುಬು ಇಳಿಗೆರೆ. ಇಂಗ್ಲಿಷಿನ ‘ಮಿನಿಮಮ್’ ಪದವನ್ನು ಕರ್ಸಿವ್‌ನಲ್ಲಿ ಬರೆದು ಎಣಿಸಿ: ಒಂದೇ ಎತ್ತರದ 15 ಇಳಿಗೆರೆಗಳು ಸಾಲಾಗಿ ನಿಂತಿರುತ್ತವೆ. ಯಾವುದು ‘ಎಂ’, ಯಾವುದು ‘ಯು’ ಎಂದು ತಿಳಿಯುವುದು ಅವುಗಳ ನಡುವಿನ ಕೊಂಡಿ ಮೇಲೆ ಬಾಗಿದೆಯೋ ಕೆಳಗೆ ಬಾಗಿದೆಯೋ ಎಂಬುದರಿಂದ ಮಾತ್ರ. ಮಧ್ಯಯುಗದ ಯೂರೋಪಿನ ಲಿಪಿಕಾರರಿಗೂ ಇದೇ ತೊಡಕಿತ್ತು. ಈ ಸಾಲುಗಂಬಗಳ ನಡುವೆ ‘ಐ’ ಕಳೆದುಹೋಗದಿರಲಿ ಎಂದು ಅದರ ತಲೆಯ ಮೇಲೆ ಒಂದು ಸಣ್ಣ ಗೀಟು ಹಾಕತೊಡಗಿದರು. ನಾವಿಂದು ಇಡುವ ಚುಕ್ಕೆ ಅದರ ಮುಂದುವರಿಕೆ. ಆದ್ದರಿಂದ ‘ಐ’ಯ ಚುಕ್ಕೆಯನ್ನು ಅದರ ನೆತ್ತಿಯ ಮೇಲೆಯೇ ಇಡಿ. ವೇಗದಲ್ಲಿ ಅದು ಎರಡು ಅಕ್ಷರ ಮುಂದಕ್ಕೆ ಜಾರಿದರೆ ಓದುವವರು ಅಲ್ಲೇ ಮುಗ್ಗರಿಸುತ್ತಾರೆ.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಪ್ಲಾಟ್ ರೋಜರ್ಸ್ ಸ್ಪೆನ್ಸರ್ (1800–1864) ರೂಪಿಸಿದ ಶೈಲಿಯಲ್ಲಿ ಈ ಎರಡು ಗೆರೆಗಳಿಗೆ ಎರಡು ಬೇರೆ ಓರೆಗಳಿವೆ. ಇಳಿಗೆರೆ ಅಡಿಗೆರೆಯೊಂದಿಗೆ (ಅಕ್ಷರಗಳು ನಿಲ್ಲುವ ಗೆರೆ) 52 ಡಿಗ್ರಿ, ಕೊಂಡಿಗೆರೆ 30 ಡಿಗ್ರಿ. ಈ ಅಂತರದಲ್ಲೇ ಅಕ್ಷರಗಳ ನಡುವಿನ ಜಾಗ ಹುಟ್ಟುತ್ತದೆ. ಕೊಂಡಿಗೆರೆ ಕಡಿದಾಗಿ ಮೇಲೇರಿದರೆ ಮುಂದಿನ ಅಕ್ಷರ ಹಿಂದಿನದಕ್ಕೆ ಒತ್ತಿಕೊಂಡು ನಿಲ್ಲುತ್ತದೆ, ತೀರಾ ಮಲಗಿದರೆ ದೂರ ಸರಿಯುತ್ತದೆ. ‘ನನ್ನ ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ’ ಎನ್ನುವವರು ಜಾಗ ಬಿಡಲು ಹೆಣಗುವುದಕ್ಕಿಂತ ಕೊಂಡಿಗೆರೆಯನ್ನು ಸ್ವಲ್ಪ ಮಲಗಿಸುವುದು ಒಳ್ಳೆಯದು. ದಿನಬಳಕೆಯ ಬರಹಕ್ಕೆ 52 ಡಿಗ್ರಿಯೇ ಬೇಕೆಂದಿಲ್ಲ. ನೇರವಾಗಿ ನಿಂತ ಅಕ್ಷರವೂ ಓದಲು ಚೆನ್ನ, 60–65 ಡಿಗ್ರಿಯ ಓರೆಯೂ ಚೆನ್ನ. ಕೆಡಿಸುವುದು ಒಂದೇ ಪದದಲ್ಲಿ ಮೂರು ಓರೆ ಬೆರೆಯುವುದು. ಕಾಗೆ ಕಾಲು ಗುಬ್ಬಿ ಕಾಲು ಎಂದು ನಾವು ಬೈಯುವ ಬರಹದಲ್ಲಿ ಒಂದೊಂದೇ ಅಕ್ಷರ ತೆಗೆದು ನೋಡಿದರೆ ಎಷ್ಟೋ ಸಲ ಅಂಥ ದೋಷವೇನೂ ಇರುವುದಿಲ್ಲ, ಒಂದಕ್ಕೊಂದು ಹೊಂದುವುದಿಲ್ಲ ಅಷ್ಟೆ.

ಕನ್ನಡ ಬರೆದು ಪಳಗಿದ ಕೈಗೆ ಇಲ್ಲಿ ಒಂದು ಮಾತು. ನಮ್ಮ ಅಕ್ಷರ ನೆಟ್ಟಗೆ ನಿಲ್ಲುತ್ತದೆ, ಒಂದೊಂದೂ ಬಿಡಿಯಾಗಿರುತ್ತದೆ, ತಲೆಕಟ್ಟಿಗೂ ಒತ್ತಕ್ಷರಕ್ಕೂ ಕೈ ಎತ್ತಿ ಇಡಬೇಕಾಗುತ್ತದೆ. ದುಂಡಗಿನ ತಿರುವು ಆ ಕೈಗೆ ಮೊದಲೇ ಒಲಿದಿರುತ್ತದೆ. ಹೊಸದಾಗಿ ಕಲಿಯಬೇಕಾದದ್ದು ಓರೆ ಮತ್ತು ಕೊಂಡಿ.

ಈಗ ನಿಮ್ಮ ಬರಹದ ತಪಾಸಣೆ. ಗೆರೆಯಿರುವ ಹಾಳೆಯಲ್ಲಿ, ದಿನವೂ ಬರೆಯುವ ವೇಗದಲ್ಲೇ, ಐದು ಸಾಲು ಇಂಗ್ಲಿಷ್ ಗದ್ಯ ಬರೆಯಿರಿ. ಚೆನ್ನಾಗಿ ಬರೆಯಲು ಹೋಗಬೇಡಿ. ವೈದ್ಯರ ಮುಂದೆ ಕೆಮ್ಮು ತಡೆದು ಕೂತರೆ ಅವರಿಗೇನು ತಿಳಿದೀತು? ಮೂಲೆಯಲ್ಲಿ ದಿನಾಂಕ ಹಾಕಿ. ಆಮೇಲೆ ನಾಲ್ಕು ಪರೀಕ್ಷೆ.

ಓರೆಯ ಪರೀಕ್ಷೆಗೆ ಬಣ್ಣದ ಪೆನ್ಸಿಲ್, ಸ್ಕೇಲು ಬೇಕು. ಒಂದು ಸಾಲಿನ ಪ್ರತಿ ಇಳಿಗೆರೆಯ ಮೇಲೂ ಮೂರು ಸೆಂಟಿಮೀಟರ್ ಉದ್ದದ ಗೆರೆ ಎಳೆಯಿರಿ. ಗೆರೆಗಳು ಸಮಾನಾಂತರವಾಗಿದ್ದರೆ ಓರೆಗೆ ಕೈ ಹಾಕುವ ಅಗತ್ಯವೇ ಇಲ್ಲ. ಬೀಸಣಿಗೆಯಂತೆ ಹರಡಿಕೊಂಡಿದ್ದರೆ ಕಾಗದದ ಕೋನ ಸರಿಯಿಲ್ಲ. ಅದರಲ್ಲೂ ಸಾಲಿನ ಎಡತುದಿಯಲ್ಲಿ ಒಂದು ಓರೆ, ಬಲತುದಿಯಲ್ಲಿ ಇನ್ನೊಂದು ಓರೆ ಕಂಡರೆ ತಪ್ಪು ಅಕ್ಷರದ್ದಲ್ಲ: ಮೊಣಕೈ ಒಂದೇ ಕಡೆ ಊರಿಕೊಂಡಿದ್ದು ಕೈ ಗಡಿಯಾರದ ಮುಳ್ಳಿನಂತೆ ತಿರುಗಿದೆ.

ಎತ್ತರದ ಪರೀಕ್ಷೆಗೆ ‘ಎ’, ‘ಎನ್’, ‘ಒ’ದಂಥ ಗಿಡ್ಡ ಅಕ್ಷರಗಳ ತಲೆಗಳನ್ನು ಒಂದು ಗೆರೆಯಿಂದ ಜೋಡಿಸಿ. ಅದು ನೆಟ್ಟಗಿರಬೇಕು. ಎರಡು ಗೆರೆಗಳ ನಡುವೆ 8 ಮಿಲಿಮೀಟರ್ ಇರುವ ಹಾಳೆಯಲ್ಲಿ ಗಿಡ್ಡ ಅಕ್ಷರ ಎರಡೂವರೆಯಿಂದ ಮೂರು ಮಿಲಿಮೀಟರ್ ಇದ್ದರೆ ಹದ. ‘ಎಲ್’, ‘ಎಚ್’, ‘ಕೆ’, ‘ಬಿ’ಗಳ ಕುಣಿಕೆ ಅದರ ಎರಡರಿಂದ ಎರಡೂವರೆ ಪಟ್ಟು. ‘ಟಿ’ ಮತ್ತು ‘ಡಿ’ ಅದಕ್ಕಿಂತ ತುಸು ಗಿಡ್ಡ. ಸ್ಪೆನ್ಸರ್ ಶೈಲಿಯಲ್ಲಿ ಕುಣಿಕೆ ಮೂರು ಪಟ್ಟು ಏರುತ್ತದೆ, ನೋಡಲು ಸೊಗಸು. ಆದರೆ 8 ಮಿಲಿಮೀಟರ್ ಹಾಳೆಯಲ್ಲಿ ಮೇಲಿನ ಸಾಲಿನ ‘ಜಿ’ಯ ಬಾಲಕ್ಕೂ ಕೆಳಗಿನ ಸಾಲಿನ ‘ಎಚ್’ನ ತಲೆಗೂ ಡಿಕ್ಕಿಯಾಗುತ್ತದೆ.

ಮೂರನೆಯದು ನನಗೆ ಬಹಳ ಮೆಚ್ಚಿನ ಪರೀಕ್ಷೆ. ಗಿಡ್ಡ ಅಕ್ಷರಗಳ ಕೆಳ ಅರ್ಧ ಮುಚ್ಚುವಂತೆ ಒಂದು ಕಾಗದ ಇಟ್ಟು, ಮೇಲಿನ ಅರ್ಧದಿಂದಲೇ ಓದಿ. ‘ಎನ್’ಗೂ ‘ಯು’ಗೂ, ‘ಎ’ಗೂ ‘ಯು’ಗೂ ವ್ಯತ್ಯಾಸ ತಿಳಿಯುತ್ತದೆಯೇ? ತಿಳಿಯದಿದ್ದರೆ ನಿಮ್ಮ ಮುಖ್ಯ ದೋಷ ಅಲ್ಲಿದೆ. ಬೇರೆ ಯಾವುದಕ್ಕೂ ಮೊದಲು ಅದನ್ನು ತಿದ್ದಬೇಕು.

ನಾಲ್ಕನೆಯದು ಜಾಗ. ಎರಡು ಪದಗಳ ನಡುವೆ ಒಂದು ‘ಎನ್’ ಹಿಡಿಸುವಷ್ಟು ಜಾಗ ಸಾಕು. ಎರಡು ಹಿಡಿಸುವಷ್ಟಿದ್ದರೆ ಸಾಲಿನಲ್ಲಿ ತೂತು ಬಿದ್ದಂತೆ ಕಾಣುತ್ತದೆ.

ಇನ್ನು ಕುಳಿತುಕೊಳ್ಳುವುದು, ಕಾಗದ, ಪೆನ್ನು. ಪಾದಗಳೆರಡೂ ನೆಲಕ್ಕೆ ತಾಗಿರಲಿ. ಹೆಗಲು ಎತ್ತಿಕೊಳ್ಳದೆ ಮೊಣಕೈ ಮೇಜಿನ ಮೇಲೆ ಕೂರುವಂತಿರಲಿ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಮರೆಯುವುದು ಕಾಗದದ ಕೋನ. ಬಲಗೈಯಲ್ಲಿ ಬರೆಯುವವರು ಹಾಳೆಯ ಮೇಲ್ತುದಿ ಎಡಕ್ಕೆ ವಾಲುವಂತೆ 30ರಿಂದ 45 ಡಿಗ್ರಿ ತಿರುಗಿಸಬೇಕು. ಹಾಗೆ ತಿರುಗಿಸಿದಾಗ ಇಳಿಗೆರೆ ಎಂದರೆ ಪೆನ್ನನ್ನು ನೇರ ನಿಮ್ಮ ಎದೆಯ ಕಡೆಗೆ ಎಳೆದುಕೊಳ್ಳುವುದು, ಅಷ್ಟೆ. ಕೈಗೆ ಅದು ಅತ್ಯಂತ ಸಹಜವಾದ ಚಲನೆ. ಓರೆ ತಾನಾಗಿ ಬರುತ್ತದೆ, ಪ್ರತಿಸಲ ಒಂದೇ ಬರುತ್ತದೆ. ಹಾಳೆ ನೆಟ್ಟಗಿಟ್ಟು ಓರೆ ಅಕ್ಷರ ಬರೆಯಲು ಹೊರಟವರು ಪ್ರತಿ ಇಳಿಗೆರೆಯಲ್ಲೂ ಮಣಿಕಟ್ಟನ್ನು ತಿರುಚುತ್ತಾರೆ. ಅರ್ಧ ಪುಟದಲ್ಲಿ ನೋವು ಶುರುವಾಗುತ್ತದೆ, ಓರೆಯೂ ಕೆಡುತ್ತದೆ. ಸಾಲು ಇಳಿದಂತೆ ಕೈಯನ್ನು ಕೆಳಕ್ಕೆ ತರಬೇಡಿ, ಇನ್ನೊಂದು ಕೈಯಿಂದ ಹಾಳೆಯನ್ನು ಮೇಲಕ್ಕೆ ಸರಿಸಿ. ಬರೆಯುವ ಕೈ ಇದ್ದ ಜಾಗದಲ್ಲೇ ಇರಲಿ.

ಎಡಗೈಯವರ ಬಗ್ಗೆ ಅರೆಬರೆ ಸಲಹೆಗಳೇ ಹೆಚ್ಚು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಾಳೆಯನ್ನು ಬಲಕ್ಕೆ ವಾಲಿಸಿ, ಅದೇ 30–45 ಡಿಗ್ರಿ. ಕೈ ಬರೆಯುತ್ತಿರುವ ಸಾಲಿನ ಕೆಳಗಿರಲಿ. ಕೈಯನ್ನು ಸಾಲಿನ ಮೇಲಿನಿಂದ ಕೊಕ್ಕೆಯಂತೆ ಬಗ್ಗಿಸಿ ಬರೆದರೆ ಒದ್ದೆ ಶಾಯಿ ಒರೆಸಿಹೋಗುತ್ತದೆ, ಮಣಿಕಟ್ಟೂ ದಣಿಯುತ್ತದೆ. ಬರೆದದ್ದು ಕಣ್ಣಿಗೆ ಕಾಣಬೇಕಾದ್ದರಿಂದ ಪೆನ್ನನ್ನು ತುದಿಯಿಂದ ಮೂರೂವರೆ, ನಾಲ್ಕು ಸೆಂಟಿಮೀಟರ್ ಹಿಂದೆ ಹಿಡಿಯಿರಿ. ಬಲಗೈಯವರು ಪೆನ್ನನ್ನು ಸಾಲಿನುದ್ದಕ್ಕೂ ಎಳೆದುಕೊಂಡು ಹೋದರೆ ಎಡಗೈಯವರು ದೂಡಿಕೊಂಡು ಹೋಗುತ್ತಾರೆ. ಚೂಪು ನಿಬ್ಬು ಅಲ್ಲಿ ಕಾಗದಕ್ಕೆ ಚುಚ್ಚಿಕೊಳ್ಳುತ್ತದೆ. ದುಂಡು ತುದಿಯ, ಬೇಗ ಆರುವ ಶಾಯಿಯ ಪೆನ್ನೇ ಒಳ್ಳೆಯದು. ಬಲಕ್ಕೆ ವಾಲಲೇಬೇಕೆಂಬ ಹಟವೂ ಬೇಡ. ನೆಟ್ಟಗಿನ ಅಕ್ಷರ, ಎಡಕ್ಕೆ ತುಸು ವಾಲಿದ ಅಕ್ಷರ ಎರಡೂ ಸರಿ, ಎಲ್ಲವೂ ಒಂದೇ ಓರೆಯಲ್ಲಿದ್ದರಾಯಿತು.

ಪೆನ್ನನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮಧ್ಯದ ಬೆರಳಿನ ಪಕ್ಕಕ್ಕೆ ಒರಗಿಸಿ. ತುದಿಗೂ ಬೆರಳಿಗೂ ಎರಡೂವರೆಯಿಂದ ಮೂರು ಸೆಂಟಿಮೀಟರ್ ಇರಲಿ. ತೋರುಬೆರಳಿನ ಮೊದಲ ಗೆಣ್ಣು ಒಳಕ್ಕೆ ಕುಸಿದು ಉಗುರು ಬಿಳಿಚಿಕೊಂಡಿದ್ದರೆ ಹಿಡಿತ ಅತಿಯಾಗಿದೆ. ಬರೆದ ಹಾಳೆಯ ಹಿಂಬದಿಯನ್ನು ಬೆರಳಿಂದ ಸವರಿ ನೋಡಿ. ಅಕ್ಷರಗಳು ಉಬ್ಬಿ ಕೈಗೆ ಸಿಗುತ್ತವೆಯೇ? ಹಾಗಿದ್ದರೆ ಒತ್ತಡ ಕಡಿಮೆ ಮಾಡಬೇಕು. ಇದರಲ್ಲಿ ಪೆನ್ನಿನ ಪಾಲೂ ಇದೆ. ಬಾಲ್‌ಪೆನ್ನಿನ ಶಾಯಿ ಗಟ್ಟಿ, ಗುಂಡು ಉರುಳಿ ಶಾಯಿ ಇಳಿಯಲು ಒತ್ತಬೇಕು. ಜೆಲ್ ಪೆನ್ನು, ಶಾಯಿ ಪೆನ್ನು ತಾಗಿಸಿದರೆ ಸಾಕು ಬರೆಯುತ್ತವೆ. ಆದರೂ ಕಲಿಯುವ ಮೊದಲ ವಾರ ನಯವಾದ ಕಾಗದದ ಮೇಲೆ ಜೆಲ್ ಪೆನ್ನು ಬೇಡ, ಕೈ ಜಾರಿ ತಿರುವುಗಳು ಹಿಡಿತಕ್ಕೆ ಸಿಗುವುದಿಲ್ಲ. ಎಚ್‌ಬಿ ಪೆನ್ಸಿಲ್ಲಿನ ಸಣ್ಣ ಘರ್ಷಣೆ ಆಗ ನೆರವಾಗುತ್ತದೆ. ಗಟ್ಟಿ ಮೇಜಿನ ಮೇಲೆ ಒಂಟಿ ಹಾಳೆ ಇಟ್ಟು ಬರೆಯದೆ ಅಡಿಯಲ್ಲಿ ನಾಲ್ಕೈದು ಹಾಳೆ ಹಾಸಿಕೊಳ್ಳಿ. ಅಕ್ಷರ ಸಣ್ಣದಾಗಿದ್ದರೆ ದಪ್ಪ ತುದಿ ಬೇಡ, ‘ಇ’ಯ ಕಣ್ಣು ಮುಚ್ಚಿಹೋಗುತ್ತದೆ.

ಬರೆಯುವುದು ಬೆರಳೋ ತೋಳೋ? ಇದು ಹಳೆಯ ಚರ್ಚೆ. ಆಸ್ಟಿನ್ ನಾರ್ಮನ್ ಪಾಮರ್ 1894ರಲ್ಲಿ ತಮ್ಮ ಪದ್ಧತಿಯ ಪುಸ್ತಕ ಹೊರತಂದರು. ಸ್ಪೆನ್ಸರ್ ಶೈಲಿಯ ಅಲಂಕಾರಗಳನ್ನು ಕಳಚಿ, ದಿನವಿಡೀ ಬರೆಯುವ ಗುಮಾಸ್ತರಿಗೆ ಒದಗುವಂತೆ ಬರಹವನ್ನು ಸರಳಗೊಳಿಸಿದರು. ಅವರ ಬೋಧನೆಯ ತಿರುಳು ಮುಂಗೈ: ಮೊಣಕೈಯ ಕೆಳಗಿನ ಮಾಂಸಲ ಭಾಗ ಮೇಜಿನ ಮೇಲೆ ಕೂತಿರುತ್ತದೆ, ಆ ಮೆತ್ತೆಯ ಮೇಲೆ ಇಡೀ ಮುಂಗೈ ಹಿಂದೆ ಮುಂದೆ ಜಾರುತ್ತದೆ, ಬೆರಳುಗಳು ಪೆನ್ನನ್ನು ಹಿಡಿದಿರುತ್ತವೆ ಅಷ್ಟೆ. ಗಂಟೆಗಟ್ಟಲೆ ಬರೆದರೂ ದಣಿವಾಗದಿರುವುದು ಇದರ ಲಾಭ. ಇದನ್ನು ಪೂರ್ತಿ ಕಲಿಯಲು ಬಹಳ ಕಾಲ ಬೇಕು. ಸಾಮಾನ್ಯ ಬರಹಗಾರರಿಗೆ ಎರಡರ ಬೆರಕೆ ಸಾಕೆಂಬುದು ನನ್ನ ಅಭಿಪ್ರಾಯ: ಅಕ್ಷರದ ಎತ್ತರ, ತಿರುವುಗಳನ್ನು ಬೆರಳು ನೋಡಿಕೊಳ್ಳಲಿ, ಸಾಲಿನುದ್ದಕ್ಕೂ ಸಾಗುವುದನ್ನು ಮುಂಗೈ ನೋಡಿಕೊಳ್ಳಲಿ. ಬೆರಳಿನಿಂದಲೇ ಬರೆಯುವವರ ಕೈ ಕಾಗದಕ್ಕೆ ಅಂಟಿಕೊಂಡಿರುತ್ತದೆ. ಮೂರು ಅಕ್ಷರ ಬರೆಯುವಷ್ಟರಲ್ಲಿ ಬೆರಳು ಚಾಚಿ ಮುಗಿಯುತ್ತದೆ, ನಾಲ್ಕನೆಯದು ಹಿಗ್ಗಿ ವಾಲುತ್ತದೆ. ಉದ್ದ ಪದಗಳ ಬಾಲ ಮಾತ್ರ ಕೆಡುತ್ತಿದ್ದರೆ ಕಾರಣ ಇದೇ. ಕಿರುಬೆರಳಿನ ಉಗುರಿನ ಪಕ್ಕ ಕಾಗದದ ಮೇಲೆ ಜಾರುತ್ತಿರಬೇಕು. ಬೆವರಿನಿಂದ ಅಂಟಿದರೆ ಕೈಯಡಿಗೆ ಒಂದು ನುಣುಪು ಕಾಗದ ಇಟ್ಟುಕೊಳ್ಳಿ.

ಮುಂಗೈ ಪಳಗಿಸಲು ಎರಡು ವ್ಯಾಯಾಮ. ಒಂದು, ಓರೆಯಾಗಿ ಮೇಲೆ ಕೆಳಗೆ ಒತ್ತೊತ್ತಾಗಿ ಗೆರೆ ಎಳೆಯುವುದು. ಇನ್ನೊಂದು, ಮೊಟ್ಟೆಯಾಕಾರದ ಸುತ್ತುಗಳನ್ನು ಸುರುಳಿ ತಂತಿಯಂತೆ ಸಾಲಿನುದ್ದಕ್ಕೂ ಹೆಣೆಯುವುದು. ಒಂದು ಗೆರೆಯಷ್ಟು ಎತ್ತರ ಸಾಕು. ಗಡಿಯಾರಕ್ಕೆ ಎದುರು ದಿಕ್ಕಿನ ಸುತ್ತು ‘ಎ’, ‘ಸಿ’, ‘ಡಿ’, ‘ಜಿ’, ‘ಒ’ಗಳಿಗೆ ತಯಾರಿ. ಗಡಿಯಾರದ ದಿಕ್ಕಿನದು ‘ಎನ್’, ‘ಎಂ’, ‘ವೈ’ಗಳ ಕಮಾನಿಗೆ. ಪಾಮರ್ ನಿಮಿಷಕ್ಕೆ 200 ಸುತ್ತು ಕೇಳುತ್ತಿದ್ದರು. ನೀವು 100ರಿಂದ ಶುರು ಮಾಡಿ, ಲಯ ತಪ್ಪಬಾರದು ಅಷ್ಟೆ. ಗೆರೆ ನಡುಗಿದರೆ ನಿಧಾನಿಸಬೇಡಿ, ತುಸು ವೇಗ ಹೆಚ್ಚಿಸಿ. ತೀರಾ ನಿಧಾನವಾಗಿ ಬರೆದಾಗಲೇ ನಡುಕ ಹೆಚ್ಚು ಕಾಣುವುದು, ಸೈಕಲ್ ನಿಧಾನಿಸಿದಷ್ಟೂ ಓಲಾಡುವ ಹಾಗೆ.

ಓರೆಗೆ ಆಧಾರ ಬೇಕಿದ್ದರೆ ಗ್ರಾಫ್ ಹಾಳೆಯಲ್ಲಿ ಒಂದು ಮನೆ ಬಲಕ್ಕೆ, ಎರಡು ಮನೆ ಮೇಲಕ್ಕೆ ಎಣಿಸಿ ಕರ್ಣರೇಖೆ ಎಳೆಯಿರಿ. ಸುಮಾರು 63 ಡಿಗ್ರಿಯ ಗೆರೆ ಸಿಗುತ್ತದೆ. ಸೆಂಟಿಮೀಟರಿಗೊಂದರಂತೆ ದಪ್ಪಗೆ ಎಳೆದು, ತೆಳುವಾದ ಹಾಳೆಯ ಅಡಿಗಿಟ್ಟುಕೊಂಡರೆ ಓರೆ ಕಣ್ಣಿಗೆ ಕಾಣುತ್ತಿರುತ್ತದೆ.

ಈಗ ಅಕ್ಷರಗಳಿಗೆ ಬರೋಣ. ‘ಎ’ಯಿಂದ ‘ಝಡ್’ವರೆಗೆ ಸಾಲಾಗಿ ಅಭ್ಯಾಸ ಮಾಡುವುದರಲ್ಲಿ ಅರ್ಥವಿಲ್ಲ. ವರ್ಣಮಾಲೆಯ ಕ್ರಮಕ್ಕೂ ಕೈಯ ಚಲನೆಗೂ ಸಂಬಂಧವಿಲ್ಲ. ಚಲನೆ ಒಂದೇ ಇರುವ ಅಕ್ಷರಗಳನ್ನು ಒಂದು ಮನೆತನದಂತೆ ಕೂಡಿಸಿ: ‘ಐ’, ‘ಯು’, ‘ಟಿ’, ‘ಡಬ್ಲ್ಯು’ ಒಂದು. ‘ಎನ್’, ‘ಎಂ’, ‘ವಿ’, ‘ವೈ’ ಇನ್ನೊಂದು. ‘ಎ’, ‘ಡಿ’, ‘ಜಿ’, ‘ಕ್ಯೂ’, ‘ಒ’, ‘ಸಿ’ ಮತ್ತೊಂದು. ‘ಇ’, ‘ಎಲ್’, ‘ಎಚ್’, ‘ಕೆ’, ‘ಬಿ’, ‘ಎಫ್’ ಕುಣಿಕೆಯವು. ‘ಆರ್’, ‘ಎಸ್’ ಎರಡೂ ಯಾರ ಜೊತೆಗೂ ಸೇರದವು.

‘ಎನ್’ ಅತಿ ಹೆಚ್ಚು ಕೆಡುವ ಅಕ್ಷರ. ಇಳಿಗೆರೆ ಅಡಿಗೆರೆಗೆ ಬಂದು ಮುಟ್ಟಿದ ಮೇಲೆ ಪೆನ್ನು ಅದೇ ಗೆರೆಯ ಮೇಲೆ ಹಿಂದಕ್ಕೆ ಹತ್ತಬೇಕು. ಅರ್ಧ ಎತ್ತರ ಹತ್ತಿದ ಮೇಲೆಯೇ ಕವಲೊಡೆದು ಕಮಾನು ಕಟ್ಟಬೇಕು. ವೇಗ ಹೆಚ್ಚಿದಾಗ ಕೈ ಈ ಹಿಂದಿರುಗುವಿಕೆಯನ್ನು ಉಳಿಸಲು ನೋಡುತ್ತದೆ, ಬುಡದಿಂದಲೇ ಕವಲೊಡೆಯುತ್ತದೆ. ಆಗ ಮೇಲಿನ ದುಂಡು ಹೋಗಿ ಚೂಪಾಗುತ್ತದೆ, ಕೆಳಗಿನ ಚೂಪು ಹೋಗಿ ದುಂಡಾಗುತ್ತದೆ. ಕಮಾನು ತೋರಣವಾಯಿತು, ‘ಎನ್’ ಹೋಗಿ ‘ಯು’ ಆಯಿತು. ತಿದ್ದುವ ಬಗೆ: ಇಳಿಗೆರೆಯ ಬುಡದಲ್ಲಿ ಅರೆಕ್ಷಣ ನಿಲ್ಲಿ, ಆಮೇಲೆ ಹತ್ತಿ. ‘ಎನ್’, ‘ಯು’, ‘ಎನ್’, ‘ಯು’ ಎಂದು ಒಂದಾದ ಮೇಲೊಂದು ಬರೆಯಿರಿ. ಬರೀ ‘ಎನ್’ಗಳ ಸಾಲಿಗಿಂತ ಇದು ಕಷ್ಟ, ಆದ್ದರಿಂದಲೇ ಹೆಚ್ಚು ಫಲ ಕೊಡುತ್ತದೆ. ಪ್ರತಿಸಲವೂ ಕೈ ಹೊಸದಾಗಿ ನೆನಪಿಸಿಕೊಳ್ಳಬೇಕಾಗುತ್ತದೆ.

‘ಎ’, ‘ಡಿ’, ‘ಜಿ’ಗಳ ದೋಷ ಬಾಯಿ ತೆರೆದಿರುವುದು. ತೆರೆದ ‘ಎ’ಯನ್ನು ‘ಯು’ ಎಂದು, ತೆರೆದ ‘ಡಿ’ಯನ್ನು ‘ಸಿಎಲ್’ ಎಂದು ಓದಿಕೊಳ್ಳುತ್ತಾರೆ. ಕಾರಣ ಸುತ್ತನ್ನು ಗಡಿಯಾರದ 12ರ ಜಾಗದಿಂದ ಶುರು ಮಾಡುವುದು. ಮರಳಿ ಬರುವ ಗೆರೆ ಬಲಗಡೆಯಿಂದ ಹತ್ತುವುದರಿಂದ ಅಲ್ಲಿಗೆ ಮುಟ್ಟುವುದೇ ಇಲ್ಲ. 2ರ ಜಾಗದಿಂದ ಶುರು ಮಾಡಿ, ಎಡಕ್ಕೆ ಹೋಗಿ, ಸುತ್ತಿ ಬಂದು ಶುರುವಾದ ಬಿಂದುವನ್ನು ಮುಟ್ಟಿ, ಆಮೇಲೆ ಇಳಿಯಿರಿ. ಮುಟ್ಟುವ ಮೊದಲೇ ಇಳಿಯಬೇಡಿ.

‘ಇ’ಗೆ ಕಣ್ಣಿರಬೇಕು. ಕಣ್ಣು ಮುಚ್ಚಿದ ‘ಇ’ ಚುಕ್ಕೆಯಿಲ್ಲದ ‘ಐ’ ಆಗುತ್ತದೆ. ಒಳಬರುವ ಕೊಂಡಿ ಕಡಿದಾಗಿ ಹತ್ತಿದರೆ ಕುಣಿಕೆಗೆ ಜಾಗವೇ ಉಳಿಯುವುದಿಲ್ಲ. ಕೊಂಡಿಯನ್ನು ಮಲಗಿಸಿ ಶುರು ಮಾಡಿ, ಎತ್ತರದ ಮೂರನೆಯ ಒಂದು ಭಾಗದಲ್ಲಿ ಗೆರೆಗಳು ಹಾಯಲಿ. ‘ಎಲ್’ ಅದೇ ಆಕಾರ, ಎತ್ತರ ಮಾತ್ರ ದುಪ್ಪಟ್ಟಿಗಿಂತ ಹೆಚ್ಚು. ಎರಡನ್ನೂ ಪರ್ಯಾಯವಾಗಿ ಬರೆಯುವುದು ಎತ್ತರದ ಅಂದಾಜಿಗೂ ಒಳ್ಳೆಯದು. ‘ಟಿ’, ‘ಡಿ’ಗಳ ಕಾಂಡದಲ್ಲಿ ಮಾತ್ರ ಕುಣಿಕೆ ತೆರೆಯಬಾರದು, ಹತ್ತಿದ ಗೆರೆಯ ಮೇಲೆಯೇ ಇಳಿಯಬೇಕು. ತೆರೆದರೆ ‘ಟಿ’ ಹೋಗಿ ‘ಎಲ್’ ಆಗುತ್ತದೆ. ‘ಟಿ’ಯ ಅಡ್ಡಗೀಟು, ‘ಐ’ಯ ಚುಕ್ಕೆ ಪದ ಮುಗಿದ ಮೇಲೆ.

‘ಆರ್’ಗೆ ಭುಜ ಬೇಕು. ಗಿಡ್ಡ ಅಕ್ಷರಗಳ ಎತ್ತರಕ್ಕಿಂತ ಕೂದಲೆಳೆಯಷ್ಟು ಮೇಲೆ ಹೋಗಿ, ಅಲ್ಲಿ ಮೂಲೆ ಮಾಡಿ, ಸಣ್ಣ ಭುಜ ಇಳಿಸಿ ಕೆಳಗೆ ಬರಬೇಕು. ಮೂಲೆ ನಯವಾದರೆ ‘ಐ’ಯಂತೆ ಕಾಣುತ್ತದೆ. ಎಷ್ಟು ತಿದ್ದಿದರೂ ವೇಗದಲ್ಲಿ ಕೆಡುತ್ತಿದ್ದರೆ ಅಚ್ಚಿನ ‘ಆರ್’ ರೂಪವನ್ನೇ ಕೂಡಿಸಿ ಬರೆಯಿರಿ, ಅದರಲ್ಲಿ ತಪ್ಪೇನಿಲ್ಲ. ‘ಎಸ್’ನ ಹೊಟ್ಟೆ ಬಾಗಿ ಬಂದು ಒಳಕೊಂಡಿಯನ್ನು ಮುಟ್ಟಿ ಮುಚ್ಚಬೇಕು. ‘ಜಿ’, ‘ವೈ’, ‘ಜೆ’ಗಳ ಬಾಲ ಎಡಕ್ಕೆ ಸುತ್ತಿ ಅಡಿಗೆರೆಯ ಮೇಲೆಯೇ ಹಾಯಬೇಕು. ಅದಕ್ಕಿಂತ ಕೆಳಗೆ ಹಾಯ್ದರೆ ಮುಂದಿನ ಅಕ್ಷರವೂ ಗುಂಡಿಗೆ ಬೀಳುತ್ತದೆ. ‘ಕ್ಯೂ’ವಿನ ಬಾಲ ಬಲಕ್ಕೆ ತಿರುಗುತ್ತದೆ, ‘ಜಿ’ಗೂ ಅದಕ್ಕೂ ಮುಖ್ಯ ವ್ಯತ್ಯಾಸ ಇದೇ.

ಬಿಡಿ ಅಕ್ಷರ ಚೆನ್ನಾಗಿದ್ದೂ ಪದ ಕೆಡುವುದು ಕೊಂಡಿಯಲ್ಲಿ. ಬಹುಪಾಲು ಅಕ್ಷರಗಳು ಅಡಿಗೆರೆಯಲ್ಲಿ ಮುಗಿಯುತ್ತವೆ, ಅವುಗಳ ಕೊಂಡಿ ಸುಲಭ. ‘ಬಿ’, ‘ಒ’, ‘ವಿ’, ‘ಡಬ್ಲ್ಯು’ ಈ ನಾಲ್ಕು ಮಾತ್ರ ಮೇಲೆ ಮುಗಿಯುತ್ತವೆ. ಅಲ್ಲಿಂದ ಕೊಂಡಿ ತುಸು ಜೋತು ಮುಂದಕ್ಕೆ ಹೋಗಬೇಕು, ಜೋಲು ಎತ್ತರದ ಕಾಲು ಭಾಗ ಮೀರಬಾರದು. ರೂಢಿಬಲದಿಂದ ಕೈ ಅಡಿಗೆರೆಗೆ ಇಳಿದರೆ ‘ಒ’ ಹೋಗಿ ‘ಎ’ ಆಗುತ್ತದೆ, ‘ವಿ’ ಹೋಗಿ ‘ಯು’ ಆಗುತ್ತದೆ. ಇವುಗಳ ಮುಂದೆ ‘ಇ’, ‘ಆರ್’, ‘ಎಸ್’ ಬಂದಾಗ ಇನ್ನೂ ತೊಡಕು, ಏಕೆಂದರೆ ಆ ಮೂರು ಅಕ್ಷರಗಳ ಗುರುತೇ ಕೆಳಗಿನಿಂದ ಹತ್ತುವ ಕೊಂಡಿಯಲ್ಲಿದೆ, ಇಲ್ಲಿ ಆ ಕೊಂಡಿ ಸಿಗುವುದಿಲ್ಲ. ಓವರ್, ಬ್ರೌನ್, ಅಬವ್, ವರ್ಸ್, ವೋವೆಲ್ ಇಂಥ ಇಂಗ್ಲಿಷ್ ಪದಗಳನ್ನು ದಿನಕ್ಕೆ ಎರಡೆರಡು ಸಲ ಬರೆಯಿರಿ. ಎಲ್ಲರೂ ಬರೆಯುವ ‘ಕ್ವಿಕ್ ಬ್ರೌನ್ ಫಾಕ್ಸ್’ ವಾಕ್ಯದಲ್ಲಿ ಎಲ್ಲ ಅಕ್ಷರಗಳೂ ಇವೆ ಎಂಬುದು ನಿಜ, ಆದರೆ ಅದನ್ನೇ ನೂರು ಸಲ ಬರೆದರೆ ಅದರಲ್ಲಿರುವ ಕೊಂಡಿಗಳಷ್ಟೇ ಪಳಗುತ್ತವೆ. ಅದರ ಬದಲು ಯಾವುದಾದರೂ ಪುಸ್ತಕದ ಹೊಸ ಹೊಸ ಪ್ಯಾರಾ ಎತ್ತಿಕೊಳ್ಳಿ. ಉದ್ದ ಪದದಲ್ಲಿ ನಾಲ್ಕೈದು ಅಕ್ಷರಕ್ಕೊಮ್ಮೆ ಪೆನ್ನೆತ್ತಿ ಕೈ ಸರಿಸಿಕೊಳ್ಳುವುದು ತಪ್ಪಲ್ಲ. ದೊಡ್ಡಕ್ಷರಗಳನ್ನು ಮುಂದಿನದಕ್ಕೆ ಕೂಡಿಸಲೇಬೇಕೆಂದೂ ಇಲ್ಲ.

ದಿನಕ್ಕೆ 20 ನಿಮಿಷ, ವಾರಕ್ಕೆ ಐದಾರು ದಿನ. ಭಾನುವಾರ ಎರಡು ಗಂಟೆ ಕೂತು ತೀರಿಸಿಬಿಡುತ್ತೇನೆ ಎಂದರೆ ಆಗುವುದಿಲ್ಲ. ದಣಿದ ಕೈ ಹಳೆಯ ರೂಢಿಗೇ ಮರಳುತ್ತದೆ, ಕೊನೆಯ ಒಂದೂವರೆ ಗಂಟೆ ಆ ರೂಢಿಗೇ ತಾಲೀಮು. ಮೊದಲ ನಾಲ್ಕು ನಿಮಿಷ ಗೆರೆ ಮತ್ತು ಸುತ್ತು. ಮುಂದಿನ ಹತ್ತು ನಿಮಿಷ ಒಂದೇ ಒಂದು ದೋಷ. ‘ಎನ್’ನ ಕಮಾನು ಎಂದರೆ ಅದೊಂದೇ, ಆ ಹೊತ್ತು ‘ಆರ್’ ಕೆಟ್ಟರೂ ಕೆಡಲಿ. ಇಲ್ಲಿ ಒಂದೇ ಅಕ್ಷರವನ್ನು ಒಂದು ಸಾಲಿಗಿಂತ ಹೆಚ್ಚು ಬರೆಯದೆ ಪದಕ್ಕೆ ಹೋಗಿ. ಮಾದರಿ ನೋಡಿ, ಮುಚ್ಚಿ, ನೆನಪಿನಿಂದ ಬರೆದು, ತೆರೆದು ಹೋಲಿಸಿ. ಅಚ್ಚಿನ ಮೇಲೆ ತಿದ್ದುವುದು ಮೊದಲ ದಿನ ಒಂದೆರಡು ಸಾಲಿಗೆ ಸಾಕು. ಚುಕ್ಕೆಯ ಮೇಲೆ ಚುಕ್ಕೆ ಹಾಯಿಸುವ ಕೈ ಆಕಾರವನ್ನು ಹಿಂಬಾಲಿಸುತ್ತದೆಯೇ ಹೊರತು ಅದನ್ನು ಮಾಡುವುದನ್ನು ಕಲಿಯುವುದಿಲ್ಲ. ಉಳಿದ ಆರು ನಿಮಿಷ ಪ್ಯಾರಾ ಬರಹ, ನಡುವೇಗದಲ್ಲಿ. ಮೊದಲ ವಾರ ಗಿಡ್ಡ ಅಕ್ಷರ 4 ಮಿಲಿಮೀಟರ್ ಇರುವಷ್ಟು ದೊಡ್ಡದಾಗಿ ಬರೆಯಿರಿ, ತಪ್ಪು ದೊಡ್ಡದಾಗಿ ಕಾಣಲಿ. ಮೂರನೆಯ ವಾರದ ಹೊತ್ತಿಗೆ ನಿಮ್ಮ ದಿನನಿತ್ಯದ ಅಳತೆಗೆ ಇಳಿಸಿ.

ಸಭೆಯಲ್ಲಿ ಕೆಲವರು ಕೇಳಿದರು: ಅಭ್ಯಾಸದ ಪುಸ್ತಕದಲ್ಲಿ ಅಕ್ಷರ ಮುತ್ತು ಪೋಣಿಸಿದಂತಿದೆ, ಟಿಪ್ಪಣಿ ಬರೆಯುವಾಗ ಮತ್ತೆ ಹಳೆಯದೇ ಬರುತ್ತದೆ, ಏಕೆ? ಎರಡು ವೇಗಗಳ ನಡುವಿನ ಮೆಟ್ಟಿಲುಗಳನ್ನು ಬಿಟ್ಟಿದ್ದೀರಿ. ಒಂದೇ ಪ್ಯಾರಾ ಬರೆಯಲು ಅಂದವಾದ ವೇಗದಲ್ಲಿ ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದಿಟ್ಟುಕೊಳ್ಳಿ. ಮರುದಿನ ಅದಕ್ಕಿಂತ ಹತ್ತರಲ್ಲೊಂದು ಪಾಲು ಕಡಿಮೆ ಸಮಯದಲ್ಲಿ ಬರೆಯಿರಿ. ಎಲ್ಲಿ ಆಕಾರ ಒಡೆಯುತ್ತದೋ ಅದೇ ನಿಮ್ಮ ಈಗಿನ ಮಿತಿ. ಒಡೆದದ್ದು ಯಾವ ಅಕ್ಷರ ಎಂದು ನೋಡಿ. ಸಾಮಾನ್ಯವಾಗಿ ಎಲ್ಲವೂ ಒಟ್ಟಿಗೆ ಒಡೆಯುವುದಿಲ್ಲ, ಒಂದೆರಡು ಮಾತ್ರ ಮೊದಲು ಬೀಳುತ್ತವೆ. ಎರಡು ದಿನ ಅವನ್ನೇ ಪದಗಳಲ್ಲಿ ತಿದ್ದಿ, ಮತ್ತೆ ಅದೇ ಸಮಯಕ್ಕೆ ಪ್ರಯತ್ನಿಸಿ. ಈ ನಡುವೆ ನಿಜಜೀವನದ ಬರಹದಲ್ಲಿ ಪ್ರತಿ ಪುಟದ ಮೊದಲ ಮೂರು ಸಾಲುಗಳನ್ನಾದರೂ ಹೊಸ ಕೈಯಿಂದ ಬರೆಯಿರಿ. ಆಮೇಲಿನ ಸಾಲುಗಳು ತಾವಾಗಿ ಹಿಂಬಾಲಿಸತೊಡಗುತ್ತವೆ.

ಬೆರಳಿನ ಬುಡದಲ್ಲೋ ಮಣಿಕಟ್ಟಿನಲ್ಲೋ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ, ಹಿಡಿತ ಮತ್ತು ಒತ್ತಡ ನೋಡಿಕೊಳ್ಳಿ. ಬರವಣಿಗೆ ನಿಲ್ಲಿಸಿದ ಮೇಲೂ ನೋವೋ ಜೋಮೋ ಉಳಿದರೆ ವೈದ್ಯರಿಗೆ ತೋರಿಸಬೇಕು, ಅಭ್ಯಾಸದಿಂದ ಅದು ಹೋಗುವುದಿಲ್ಲ.

ದಿನಾಂಕ ಹಾಕಿದ ಆ ಮೊದಲ ಹಾಳೆಯನ್ನು ಎಸೆಯಬೇಡಿ. ಹತ್ತು ದಿನಕ್ಕೊಮ್ಮೆ ಅದೇ ಐದು ಸಾಲುಗಳನ್ನು, ನೀವು ಸಹಜವಾಗಿ ಬರೆಯುವ ವೇಗದಲ್ಲೇ ಮತ್ತೆ ಬರೆದು, ನಾಲ್ಕು ಪರೀಕ್ಷೆಗಳನ್ನೂ ಮಾಡಿ. ಮುಂದಿನ ಹತ್ತು ದಿನ ಯಾವ ದೋಷ ಹಿಡಿಯಬೇಕೆಂದು ಆ ಹಾಳೆಯೇ ತೋರಿಸುತ್ತದೆ.